ಜಲಜನಕ ಹಿಡಿದ ಒಳದಾರಿ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ನಂಜನಗೂಡಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತಲೇ ಪಿಎಚ್‌ಡಿ ಮಾಡುತ್ತಿದ್ದೆ. ನನ್ನ ಗೈಡ್ ನಿವೃತ್ತರಾಗಿ ಟಿ. ನರಸೀಪುರದಲ್ಲಿದ್ದರು.

ಜಲಜನಕದ ಪರಮಾಣು ಒಂದು ಅಣುವನ್ನು ಬಿಟ್ಟು ಇನ್ನೊಂದಕ್ಕೆ ಹೇಗೆ ದಾಟುತ್ತದೆ ಎಂಬುದು ನಮ್ಮ ಲೆಕ್ಕ. ನಡುವೆ ಶಕ್ತಿಯ ಗುಡ್ಡವೊಂದು ಅಡ್ಡ ಇರುತ್ತದೆ. ಎಲ್ಲ ಚಲನೆಗಳನ್ನೂ ಕ್ವಾಂಟಮ್ ನಿಯಮದಂತೆ ಲೆಕ್ಕ ಹಾಕುವ ತ್ರಾಣ ಕಾಲೇಜಿನ ಒಂದೇ ಒಂದು ಕಂಪ್ಯೂಟರಿಗೆ ಇರಲಿಲ್ಲ. ಅದಕ್ಕೇ ಗೈಡ್ ಒಂದು ಅಂದಾಜು ವಿಧಾನ ಕಟ್ಟಿದ್ದರು. ಪರಮಾಣು ಗುಡ್ಡದ ಅತಿ ತಗ್ಗಿನ ದಾರಿಯಲ್ಲೇ ಸಾಗುತ್ತದೆ, ಅಕ್ಕಪಕ್ಕ ಸರಿಯುವುದಿಲ್ಲ ಎಂದುಕೊಳ್ಳುವುದು. ಎಲ್ಲ ಶಕ್ತಿಯಲ್ಲೂ ಇದು ಸರಿಹೋಗುತ್ತದೆ ಎಂದು ಸಂಶೋಧನಾ ಪತ್ರಿಕೆಗೆ ಕಳಿಸುವ ಪೇಪರಿನಲ್ಲಿ ಬರೆದಾಗಿತ್ತು. ಮರುದಿನ ಅಂಚೆಗೆ ಹೋಗಬೇಕು.

ನನಗೆ ಮಾತ್ರ ಸಮಾಧಾನವಿಲ್ಲ. ಮೂರೇ ಪರಮಾಣುಗಳ ಚಿಕ್ಕ ಕ್ರಿಯೆಯೊಂದಕ್ಕೆ ಏನನ್ನೂ ಬಿಡದೆ ಪೂರ್ತಿ ಲೆಕ್ಕ ಓಡಿಸಿ, ಕಾಲವನ್ನು ಇನ್ನೂ ಸಣ್ಣ ಹೆಜ್ಜೆಗಳಾಗಿ ಒಡೆದು ಎರಡನೇ ಸಲವೂ ಓಡಿಸಿದ್ದೆ. ಅದು ಮುಗಿಯುವ ಹೊತ್ತಿಗೆ ಸರಿಯಾಗಿ ಮೋಡ ಕವಿಯಿತು. ಅಟೆಂಡರ್ ಓಡಿಬಂದ.

"ಮೇಡಮ್ಮೋರೆ, ಗುಡುಗು ಜೋರಾಯ್ತಾ ಅದೆ. ಮೈನ್ ಆಫ್ ಮಾಡು ಅಂದವ್ರೆ ಪ್ರಿನ್ಸಿಪಾಲ್ರು."

"ಸ್ವಲ್ಪ ತಡಿಯಪ್ಪ, ಈಗ ಮುಗಿಯುತ್ತೆ."

"ಮಿಸಿನ್ನು ಸುಟ್ಟೋದ್ರೆ ನನ್ ತಲೆ ಮ್ಯಾಕೆ ಬತ್ತದೆ ಕಣವ್ವ!"

ಅವನು ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತ. ನಾನು ಪರದೆ ನೋಡುತ್ತ ಕುಳಿತೆ. ಕೊನೆಗೆ ಅಂಕಿಗಳು ಬಂದವು, ಮೊದಲ ಸಲದವೇ. ಹೆಚ್ಚಿನ ಶಕ್ತಿಯಲ್ಲಿ ಗೈಡ್ ಅವರ ಅಂದಾಜೂ ಈ ಪೂರ್ತಿ ಲೆಕ್ಕವೂ ಒಂದೇ. ಕಡಿಮೆ ಶಕ್ತಿಯಲ್ಲಿ ಅಜಗಜಾಂತರ. ಪರಮಾಣು ದಾರಿಯ ತಿರುವು ಬಿಟ್ಟು ಗುಡ್ಡದೊಳಗಿಂದಲೇ ನುಸುಳಿಹೋಗುತ್ತಿತ್ತು. ಅಂದಾಜು ಅದನ್ನು ಕಂಡೇ ಇರಲಿಲ್ಲ.

ಮಳೆಯಲ್ಲೇ ನರಸೀಪುರದ ಬಸ್ಸು ಹತ್ತಿದೆ. ಹೇಗೆ ಬಾಯಿಬಿಡಲಿ ಎಂಬುದೇ ದಾರಿಯುದ್ದಕ್ಕೂ ಯೋಚನೆ. ಗೈಡ್ ಮನೆಯ ಮೇಜಿನ ಮೇಲೆ ಪೇಪರು ಹಾಕಿ ಅಂಟಿಸಿದ ಲಕೋಟೆ ಇತ್ತು. ಅಂಕಿಗಳ ಹಾಳೆ ಕೊಟ್ಟೆ, ಅವರು ಸಾಲುಸಾಲಾಗಿ ಓದಿದರು.

"ಕಾಲದ ಹೆಜ್ಜೆ ಸಣ್ಣದು ಮಾಡಿ ನೋಡಿದೆಯಾ?"

"ನೋಡಿದೆ ಸರ್. ಬದಲಾಗಲಿಲ್ಲ."

"ಕರೆಂಟ್ ಹೋಗಿ ಬಂದು ಕೆಟ್ಟಿರಬೇಕು."

"ಇಲ್ಲ ಸರ್, ಹೋಗಿರಲಿಲ್ಲ."

"ಸೆಮಿನಾರಿನಲ್ಲಿ ಎಲ್ಲರ ಮುಂದೆ ಹೇಳಿಬಿಟ್ಟಿದ್ದೀನಲ್ಲಮ್ಮ..." ಎಂದರು. ಅವರ ಹೆಂಡತಿ ಮಜ್ಜಿಗೆ ತಂದಿಟ್ಟರು. ಇಬ್ಬರೂ ಮುಟ್ಟಲಿಲ್ಲ. ಬೈದು ಕಳಿಸುತ್ತಾರೆಂದು ಕಾದೆ. ಅವರು ಲಕೋಟೆ ಹರಿದು, 'ಎಲ್ಲ ಶಕ್ತಿಯಲ್ಲೂ' ಎಂಬುದನ್ನು ಹೊಡೆದುಹಾಕಿದರು.

ಪೇಪರು ತಡವಾಗಿ ಅಚ್ಚಾಯಿತು, ಅಂದಾಜಿನದು, ಪೂರ್ತಿ ಲೆಕ್ಕದ್ದು ಎರಡೂ ಗ್ರಾಫುಗಳೊಂದಿಗೆ. ಆಮೇಲೆ ಬಹಳ ಕಾಲ ಅವರು ನನ್ನೊಡನೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದರು.