ಕಡಲ ಬದಿಯ ಪಾಳಿ

ಮೊನ್ನೆ ಸೈಕಲ್ ರೇಸಿಗೆ ಮುಂಚೆ ಬ್ರಹ್ಮಾವರದ ಮೈದಾನದಲ್ಲಿ ಸೀಟಿನ ಕೆಳಗೆ ಸ್ಪೇರ್ ಟ್ಯೂಬ್ ಕಟ್ಟುತ್ತಿದ್ದೆ. ಕಟ್ಟುವುದಕ್ಕೆ ನನ್ನ ಬಳಿ ಇರುವುದು ಹಳೆಯ ಟ್ಯೂಬಿನಿಂದ ಸೀಳಿದ ಒಂದು ಕಪ್ಪು ಪಟ್ಟಿ. ಎಷ್ಟು ಸೋಪು ಹಾಕಿ ತೊಳೆದರೂ ಬಿಸಿಲು ಬಿದ್ದರೆ ಸಾಕು, ಬಂಗಡೆ ಮೀನಿನ ವಾಸನೆ ಏಳುತ್ತದೆ. ತಂಡದ ಹುಡುಗಿಯರು ಮೂಗು ಮುಚ್ಚಿಕೊಳ್ಳುತ್ತಾರೆ. ಮುಚ್ಚಿಕೊಳ್ಳಲಿ. ಅದು ನಮ್ಮ ಪಕ್ಕದ ಮನೆಯ ಮಾವ ಕೊಟ್ಟದ್ದು.

ಮಾವ ಗಂಗೊಳ್ಳಿಯಿಂದ ಸೈಕಲ್ಲಿನಲ್ಲಿ ಮೀನು ತಂದು ಮಾರುತ್ತಿದ್ದರು. ಮಧ್ಯಾಹ್ನದ ಬೋಟು ಬಂದ ಮೇಲೆ ಅವರಂಥ ಆರೇಳು ಜನ ಐಸು ತುಂಬಿದ ಪೆಟ್ಟಿಗೆ ಬಿಗಿದುಕೊಂಡು ಹೊರಡುತ್ತಿದ್ದರು. ಐಸು ಕರಗುವುದರೊಳಗೆ ನಾವುಂದ, ಉಪ್ಪುಂದ ಮುಟ್ಟಬೇಕು. ತ್ರಾಸಿಯಲ್ಲಿ ಹೈಸ್ಕೂಲು ಬಿಟ್ಟ ಮೇಲೆ ನಾನು ಸೈಕಲ್ಲಿನಲ್ಲಿ ನಾವುಂದದ ಮನೆಗೆ ಹೊರಡುವುದೂ ಅದೇ ಹೊತ್ತಿಗೆ. ನಡುವೆ ಮರವಂತೆ... ಎಡಕ್ಕೆ ಕಡಲು, ಬಲಕ್ಕೆ ಹೊಳೆ, ಗಾಳಿಗೆ ಅಡ್ಡ ಒಂದು ಗೋಡೆಯೂ ಇಲ್ಲ. ಮೊದಲ ದಿನ ಅಲ್ಲಿ ಬಿದ್ದು, ಮೊಣಕಾಲು ತರಚಿಕೊಂಡು ಅಳುತ್ತಾ ಕೂತಿದ್ದೆ. ಪೊಂ ಪೊಂ ಎಂದು ಹಾರ್ನ್ ಒತ್ತುತ್ತಾ ಬಂದ ಮಾವ ಇಳಿದರು.

“ಗಾಳಿ ಹತ್ರ ಜಗಳ ಮಾಡೂಕಾಗ ಹೆಣೆ. ನಮ್ಮೊಟ್ಟಿಗ್ ಓರೆ ಬಾ” ಎಂದು ಮೀನಿನ ಪೆಟ್ಟಿಗೆಗೆ ಬಿಗಿದಿದ್ದ ಈ ಕಪ್ಪು ಪಟ್ಟಿಯನ್ನು ಬಿಚ್ಚಿ ನನ್ನ ಪುಸ್ತಕದ ಚೀಲವನ್ನು ಕ್ಯಾರಿಯರಿಗೆ ಬಿಗಿದರು. ಹೆಣೆ, ಅಂದರೆ ಹುಡುಗಿ, ಎಂದೇ ಅವರು ನನ್ನನ್ನು ಕರೆಯುತ್ತಿದ್ದುದು.

ಅವರ ಸವಾರಿಯ ಕ್ರಮ ನೋಡುವುದಕ್ಕೇ ಚಂದ. ಒಬ್ಬರ ಬೆನ್ನ ಹಿಂದೆ ಒಬ್ಬರಲ್ಲ. ಕಡಲ ಬದಿಗೆ ಒಬ್ಬರು ಮುಂದೆ, ಅವರ ಬಲಕ್ಕೆ ಸ್ವಲ್ಪ ಹಿಂದೆ ಇನ್ನೊಬ್ಬರು, ಹೀಗೆ ರಸ್ತೆಯ ಅಗಲಕ್ಕೂ ಓರೆ ಸಾಲು. ಮುಂದಿನವರ ಮರೆಯಲ್ಲಿ ಹಿಂದಿನವರಿಗೆ ಕಡಲ ಗಾಳಿ ಅಷ್ಟಾಗಿ ತಟ್ಟುವುದಿಲ್ಲ. ಮುಂದಿನವರು ಗಾಳಿ ತಿಂದು ಸುಸ್ತಾದರೆ ಹಿಂದೆ ಸರಿಯುತ್ತಾರೆ, ಆಮೇಲೆ ಪಕ್ಕದವರ ಪಾಳಿ. ಸಾಲಿನಲ್ಲಿ ಹಿಡಿಸುವುದು ರಸ್ತೆ ಅಗಲವಿದ್ದಷ್ಟೇ ಜನ, ಹಾಗಾಗಿ ತ್ರಾಸಿ ದಾಟುವ ಮೊದಲೇ ಜಾಗ ಹಿಡಿಯಬೇಕು. ಯಾರಾದರೂ ಜ್ವರವೆಂದು ಬಾರದಿದ್ದ ದಿನ, ಅವರ ಹೆಸರು ಕೂಗಿ ಇನ್ನೊಬ್ಬರು ಎರಡು ಪಾಳಿ ತುಳಿಯುವುದು ಅವರ ವಾಡಿಕೆ. ಹೆಚ್ಚಾಗಿ ಹಾಗೆ ತುಳಿಯುತ್ತಿದ್ದವರು ಮಾವನೇ. ಹತ್ತನೇ ಕ್ಲಾಸಿನಲ್ಲಿ ಒಂದು ದಿನ ಅವರು ಹಿಂದೆ ಸರಿದು, “ಇವತ್ತ್ ನಿನ್ ಪಾಳಿ” ಎಂದಾಗ ನನಗಾದ ಜಂಬ ಆಮೇಲೆ ಯಾವ ಮೆಡಲಿಗೂ ಆಗಲಿಲ್ಲ.

ನಮ್ಮ ಕಡೆ ಮೂರು ದಿನಗಳ ಈ ರೇಸು ಮೊದಲ ಸಲ ನಡೆದಾಗ ನಾನು ವೃತ್ತಿಪರ ತಂಡಕ್ಕೆ ಹೊಸಬಳು. ಅದು ವರ್ಷದ ಮೊದಲ ರೇಸು. ಇಲ್ಲಿ ಹಿಂದೆ ಬಿದ್ದರೆ ತಂಡದಲ್ಲಿ ಜಾಗವಿಲ್ಲ ಎಂದು ಮ್ಯಾನೇಜರ್ ಮುಖಕ್ಕೇ ಹೇಳಿದ್ದರು. ಎರಡನೆಯ ದಿನದ ಓಟ ಮಧ್ಯಾಹ್ನ ಬ್ರಹ್ಮಾವರದಿಂದ ಶಿರೂರಿಗೆ. ಹೆಮ್ಮಾಡಿ ದಾಟುತ್ತಲೇ ನಮ್ಮ ತಂಡದ ನಾಯಕಿಯ ಪಕ್ಕಕ್ಕೆ ಹೋಗಿ, ತ್ರಾಸಿಯೊಳಗೆ ಎಲ್ಲರಿಗಿಂತ ಮುಂದಿರೋಣ ಎಂದೆ. ಅವಳು ನಕ್ಕಳು, ಆದರೂ ತಂಡವನ್ನು ಕರೆದುಕೊಂಡು ಬಂದಳು. ಮರವಂತೆಯಲ್ಲಿ ನಾವು ಓರೆ ಸಾಲು ಕಟ್ಟಿದೆವು. ಜಾಗ ಸಿಗದ ಉಳಿದವರು ಹೊಳೆ ಬದಿಯ ಅಂಚಿಗೆ ಸೇರಿ ಚೆಲ್ಲಾಪಿಲ್ಲಿಯಾದರು. ರಸ್ತೆ ಬದಿಯಲ್ಲಿ ಮೀನಿನ ಸೈಕಲ್ ನಿಲ್ಲಿಸಿಕೊಂಡು ಮಾವ ಒಂದೇ ಸಮನೆ ಹಾರ್ನ್ ಒತ್ತುತ್ತಿದ್ದರು! ಶಿರೂರಿನಲ್ಲಿ ನಾಯಕಿ ಗೆದ್ದಳು, ಎರಡನೆಯವಳು ನಾನು. ತಂಡದಲ್ಲಿ ನನ್ನ ಜಾಗ ಉಳಿಯಿತು.

ನಿಮ್ಮ ಕೋಚ್ ಯಾರು ಎಂದು ಪತ್ರಿಕೆಯವರು ಕೇಳಿದರು. ಮೀನು ಮಾರುವವರು ಎಂದೆ. ತಮಾಷೆ ಅಂದುಕೊಂಡರೋ ಏನೋ, ಬರೆಯಲಿಲ್ಲ. ನನಗೆ ಸಿಟ್ಟು ಬಂದಿತ್ತು. ಮಾವ ಮಾತ್ರ, “ಅವ್ರ್ ಬರೀದಿದ್ರ್ ಎಂತ ಹೆಣೆ? ನಮ್ಗ್ ಗೊತ್ತಿತ್ತಲ್ದಾ” ಎಂದು ಪೆಟ್ಟಿಗೆ ತೊಳೆಯುತ್ತಾ ಕೂತರು...

ಕಳೆದ ಮಳೆಗಾಲದಲ್ಲಿ ಮಾವ ತೀರಿಕೊಂಡರು. ನಾನು ದೂರದಲ್ಲೆಲ್ಲೋ ರೇಸಿನಲ್ಲಿದ್ದೆ, ಮುಖ ನೋಡಲೂ ಆಗಲಿಲ್ಲ. ಈಗ ನಮ್ಮ ಓಣಿಗೆ ಮೀನು ಸ್ಕೂಟರಿನಲ್ಲಿ ಬರುತ್ತದೆ.

ಮೊನ್ನೆ ಮರವಂತೆಗೆ ಬಂದಾಗ ಕಡಲ ಬದಿಯಲ್ಲಿ ನಾನೇ ಮುಂದಿದ್ದೆ. ಗಾಳಿ ಅದೇ. ಕಿವಿ ಮಾತ್ರ ಆ ಹಾರ್ನಿಗೆ ಕಾಯುತ್ತಿತ್ತು. ನನ್ನ ಪಾಳಿ ಮುಗಿಯಿತು. ಪಕ್ಕದ ಹುಡುಗಿ ಮುಂದೆ ಬರಲು ನೋಡಿದಳು. ನಾನು ಸರಿಯಲಿಲ್ಲ.

“ಇದ್ ಮಾವನ್ ಪಾಳಿ!” ಎಂದು ಕೂಗಿದೆ. ಅವಳಿಗೆ ಅರ್ಥವಾಗಿರಲಿಕ್ಕಿಲ್ಲ. ನಾನು ತಲೆ ತಗ್ಗಿಸಿ ಇನ್ನೊಂದು ಪಾಳಿ ತುಳಿದೆ.