ಚಂದ್ರನ ಗೋಮಾಳ

ನಾನಾಗ ಏಳನೇ ಕ್ಲಾಸು. ಜಡೆ ಹತ್ತಿರದ ನಮ್ಮೂರಿನ ಗೋಮಾಳದಲ್ಲಿ ಊರ ದನಗಳೆಲ್ಲ ಮೇಯುತ್ತಿದ್ದವು. ಅದು ಯಾರಪ್ಪನದೂ ಅಲ್ಲ, ಎಲ್ಲರದು. ಆ ವರ್ಷ ನಮ್ಮೂರ ಗೌಡರು ಅದರ ಕೆರೆ ಕಡೆಯ ಅರ್ಧಕ್ಕೆ ಬೇಲಿ ಬಿಗಿದು ಶುಂಠಿ ಹಾಕಿದರು. ಬೇಲಿಯ ಮೂಲೆಯಲ್ಲಿ ಕಲ್ಲೊಂದನ್ನು ನಿಲ್ಲಿಸಿ, ಅರಿಶಿನ ಕುಂಕುಮ ಬಳಿದು, ಊರು ಕಾಯುವ ದೇವತೆ ಚೌಡಿ ಎಂದರು. ನಮ್ಮ ಕಡೆ ಸರ್ವೆ ಕಲ್ಲಿಗೆ ಕಾಲು ಬರುತ್ತದೆ, ಚೌಡಿ ಕಲ್ಲಿಗೆ ಬರುವುದಿಲ್ಲ. ಅದನ್ನು ಮುಟ್ಟುವ ಧೈರ್ಯ ಯಾರಿಗೂ ಇಲ್ಲ.

ನಮ್ಮ ಎಮ್ಮೆಗೆ ಇದೆಲ್ಲ ಗೊತ್ತಿರಲಿಲ್ಲ. ಹಳೇ ದಾರಿ ಹಿಡಿದು ಬೇಲಿ ನುಗ್ಗಿತು. ಗೌಡರು ಅದನ್ನು ಹೊಡೆಸಿಕೊಂಡು ಹೋಗಿ, ಬೆಳೆಗೆ ನುಗ್ಗಿದ ದನಗಳನ್ನು ಕೂಡಿಹಾಕುವ ದೊಡ್ಡಿಗೆ ಹಾಕಿಸಿದರು. ಬಿಡಿಸಲು ಹೋದ ಅಪ್ಪನ ಜೊತೆ ನಾನೂ ಇದ್ದೆ.

"ಗೌಡ್ರೆ, ಅದು ಗೋಮಾಳ ಅಲ್ವಾ?" ಎಂದ ಅಪ್ಪ.

"ಉತ್ತೋನ್ದೇ ನೆಲ ಕಣೋ. ಹೆಬ್ಬೆಟ್ಟು ಒತ್ತೋ ನೀನು ನಂಗೆ ಕಾನೂನು ಹೇಳ್ತೀಯಾ?"

ದೊಡ್ಡಿ ಎದುರಿನ ಹೋಟೆಲಿನ ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಅವರ ದನಗಳಿಗೂ ಮೇವು ತಪ್ಪಿತ್ತು, ಆದರೂ ನಕ್ಕರು. ಅಪ್ಪ ಹೆಗಲ ಟವೆಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕೈ ಮುಗಿದ. ನಾನು ಕಾನೂನು ಓದಬೇಕೆಂದು ನಿಶ್ಚಯಿಸಿದ್ದು ಅಲ್ಲೇ. ನ್ಯಾಯದ ಮೇಲಿನ ಪ್ರೀತಿಯಿಂದ ಓದಿದೆ ಎಂದರೆ ಸುಳ್ಳಾಗುತ್ತದೆ.

ನಮ್ಮ ಮನೆತನದಲ್ಲಿ ಡಿಗ್ರಿ ಕಂಡವಳು ನಾನೇ ಮೊದಲು. ಸೊರಬದ ಬಸ್ಸಿಗೆ ಬುತ್ತಿ ಕಟ್ಟಿಕೊಂಡು ಓಡಿ, ಕಂಡವರ ಮನೆ ಮಕ್ಕಳಿಗೆ ಪಾಠ ಹೇಳಿ ಓದಿದೆ. ಶಿಕಾರಿಪುರದ ಕೋರ್ಟಿನಲ್ಲಿ ಕರಿ ಕೋಟು ಹಾಕಿ ನಿಂತಾಗ ಗೋಮಾಳದ ಅರ್ಜಿಯನ್ನೂ ಹಾಕಿದೆ. ಊರಿನಿಂದ ಸಾಕ್ಷಿಗೆ ಒಬ್ಬನೂ ಬರಲಿಲ್ಲ. "ಚೌಡಿ ಇದಾಳಲ್ಲ ಮಾರಾಯ್ತಿ," ಎಂದು ಜಾರಿಕೊಂಡರು, ಅರ್ಜಿ ಹಾಗೇ ಉಳಿಯಿತು.

ನಮ್ಮ ದೇಶದ ನೌಕೆ ಚಂದ್ರನ ದಕ್ಷಿಣದ ಕಡೆ ಇಳಿದ ವರ್ಷ ಊರ ಹೈಸ್ಕೂಲಿನವರು ಕರೆದರು: ಚಂದ್ರ ಯಾರಿಗೆ ಸೇರಿದ್ದು ಎಂದು ಮಕ್ಕಳಿಗೆ ಹೇಳಬೇಕಂತೆ. ಅಧ್ಯಕ್ಷತೆ ಗೌಡರದು. ಕೂಡಲೇ ಒಪ್ಪಿಕೊಂಡೆ. ನಮ್ಮ ಕಡೆ ಸಭೆಗಳಲ್ಲಿ ಅಧ್ಯಕ್ಷರು ಕೊನೆಗೆ ಮಾತಾಡುತ್ತಾರೆ. ಹಿಂದಿನವರು ಹೇಳಿದ್ದನ್ನೇ ಇನ್ನೂ ಜೋರಾಗಿ ಹೇಳಿ ಕೂರುತ್ತಾರೆ.

ಊರೆಲ್ಲ ಸೇರಿತ್ತು, ಅಪ್ಪನೂ ಬಂದಿದ್ದ. ನಾನು ಗೋಮಾಳದ ಹೆಸರೇ ಎತ್ತಲಿಲ್ಲ. ಆಕಾಶದ ಬಗ್ಗೆ ದೇಶಗಳು ಮಾಡಿಕೊಂಡ ಒಪ್ಪಂದ ಒಂದಿದೆ, ಅದಕ್ಕೆ ನಮ್ಮ ದೇಶವೂ ಸಹಿ ಹಾಕಿದೆ ಎಂದೆ. ಚಂದ್ರನಾಗಲಿ ಬೇರೆ ಗ್ರಹವಾಗಲಿ, ಅದರ ನೆಲ ನನ್ನದೆಂದು ಯಾವ ದೇಶವೂ ಹೇಳುವಂತಿಲ್ಲ. ಬಾವುಟ ನೆಟ್ಟರೂ, ಹೋಗಿ ಕೂತರೂ, ಬಳಸಿದರೂ ಹಕ್ಕು ಹುಟ್ಟುವುದಿಲ್ಲ ಎಂದೆ. ಅಗೆದು ತೆಗೆದ ಕಲ್ಲು ಮಣ್ಣು ಯಾರದು ಎಂಬ ಜಗಳ ಮಾತ್ರ ಇನ್ನೂ ಮುಗಿದಿಲ್ಲ, ಅಗೆದವರದೇ ಎಂದು ಕೆಲವು ದೇಶಗಳು ಕಾನೂನು ಮಾಡಿಕೊಂಡಿವೆ ಎಂದೂ ಹೇಳಿ ಕುಳಿತೆ.

ಗೌಡರು ಎದ್ದರು. "ನಮ್ಮೂರ ಮಗಳು ಬಂಗಾರದಂಥ ಮಾತಾಡಿದ್ಲು. ಅಲ್ರೀ, ಬಾವುಟ ನೆಟ್ಟ ಅಂತ ಚಂದ್ರ ಅವನಪ್ಪಂದಾ? ಎಲ್ಲರ ಸ್ವತ್ತಿಗೆ ಬೇಲಿ ಹಾಕೋನು ಕಳ್ಳ! ಯಾವ ದೇಶದೋನೇ ಆಗ್ಲಿ, ಕಳ್ಳನೇ!"

ಚಪ್ಪಾಳೆ ಬಿತ್ತು. ಅದು ನಿಲ್ಲುವವರೆಗೆ ಕಾದು ಮೈಕಿನ ಹತ್ತಿರ ಹೋದೆ.

"ಗೌಡ್ರೆ, ಬಾವುಟದ ಬದಲು ಚೌಡಿ ಕಲ್ಲು ನೆಟ್ಟಿದ್ರೆ?"

ಹಿಂದಿನ ಬೆಂಚಿನಿಂದ ನಗು ಎದ್ದಿತು. ದೊಡ್ಡಿಯ ಮುಂದೆ ನಕ್ಕಿದ್ದ ಬಾಯಿಗಳೇ ಅವು. ಇವರು ಯಾವ ಕಾಲಕ್ಕೂ ಗೆದ್ದವರ ಕಡೆ ನಗುವವರೇ. ನಗಲಿ ಬಿಡಿ, ಈ ಸಲ ನನಗಾಗಿ ನಕ್ಕರು.

ಗೌಡರು ದಡ್ಡರಲ್ಲ. ಬೆವರು ಒರೆಸಿಕೊಂಡು, "ಅಗೆದಿದ್ದು ಅಗೆದೋನ್ದು ಅಂದ್ಯಲ್ಲವ್ವಾ. ಹಂಗಾರೆ ಶುಂಠಿ ನಂದೇ ಆತಲ್ಲ?" ಎಂದರು.

"ಅದಿನ್ನೂ ಜಗಳದಲ್ಲಿದೆ ಅಂದೆ. ಇರ್ಲಿ, ಈ ಬೆಳೆ ಅಗೆದುಕೊಳ್ರಿ. ಅದರ ಜೊತೆ ಬೇಲೀನೂ ಅಗೆದುಕೊಂಡು ಹೋಗ್ರಿ. ಚೌಡವ್ವ ಇಲ್ಲೇ ಇರ್ಲಿ, ಅವಳು ಊರಿನೋಳು."

ಮರುದಿನದಿಂದ ಸಾಕ್ಷಿಗೆ ಬರುತ್ತೇವೆ ಎನ್ನುವವರ ಫೋನು ಬಿಡುವು ಕೊಡಲಿಲ್ಲ. ಶುಂಠಿ ಕೀಳುವ ಹೊತ್ತಿಗೆ ಗೌಡರು ತಾವೇ ಬೇಲಿ ತೆಗೆಸಿದರು. ಅದಾದ ಮೇಲೆ ಒಮ್ಮೆ ಸೊರಬದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕು, ತಗ್ಗಿದ ದನಿಯಲ್ಲಿ, "ಮನೇಗ್ ಬಂದು ಹೇಳಿದ್ರೆ ನಾ ಕೇಳ್ತಿರಲಿಲ್ವೇನವ್ವಾ? ನಾಲ್ಕು ಜನದ ಮುಂದೆ ಮಾನ ಕಳೀಬೇಕಿತ್ತಾ?" ಎಂದರು.

"ನಮ್ಮಪ್ಪಂಗೂ ಮನೇಗ್ ಬಂದೇ ಹೇಳಬಹುದಿತ್ತು ಗೌಡ್ರೆ," ಎಂದೆ.

ಅವರು ಟವೆಲನ್ನು ಹೆಗಲಿನಿಂದ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡರು. ಅದನ್ನು ಕಣ್ತುಂಬ ನೋಡಿ ಶಿಕಾರಿಪುರದ ಬಸ್ಸು ಹತ್ತಿದೆ.