ಒಯ್ಯದೆ ಬಿಟ್ಟ ಬಟ್ಟೆಗಳು

ಸೂಜಿಯಕ್ಕ ಎಂದೇ ಬೀದಿಗೆಲ್ಲ ಗೊತ್ತಿದ್ದ ಆ ದರ್ಜಿ ಹೆಂಗಸಿನ ನಾಲಿಗೆ ಅವಳ ಕತ್ತರಿಗಿಂತ ಹರಿತ. ಹಳೆಯ ಬೀದಿ ಅರ್ಧ ಖಾಲಿಯಾಗಿತ್ತು. ಜನವಿಲ್ಲದ ಮನೆಗಳನ್ನು ಕೆಡವುತ್ತಾರೆಂಬ ಸುದ್ದಿ ಬಂದಾಗ, ಉಳಿದವರೆಲ್ಲ ಕೂಡಿ ಬೀಗ ಬಿದ್ದ ಮನೆಗಳಿಗೆ ಜೀವಕಳೆ ತರಲು ಹೊರಟರು. ಕೆಲವರು ಅಂಗಳ ಗುಡಿಸಿದರು, ಕೆಲವರು ಕಿಟಕಿ ತೆರೆದಿಟ್ಟರು. ಸೂಜಿಯಕ್ಕ ಮಾತ್ರ, ಹೊಲಿಯಲು ಕೊಟ್ಟು ಒಯ್ಯದೆ ಹೋದವರ ಬಟ್ಟೆಗಳ ಗಂಟು ಬಿಚ್ಚಿ, ನೀರಿಗದ್ದಿ, ಅವರವರ ಮನೆಯ ತಂತಿಗೇ ಹರವತೊಡಗಿದಳು.

"ಯಾರ ಬಟ್ಟೆ ಯಾವ ತಂತಿಗೆ ಹಾಕಿದ್ರೇನಕ್ಕಾ?" ಎಂದ ಬೇಕರಿಯವನು.

"ಚೆನ್ನಾಗಿ ಹೇಳ್ದೆ! ಬೇರೆಯವರ ಮನೇಲಿ ನೇತುಹಾಕಿದ್ರೆ ಅವ್ರು ಸುಮ್ನಿರ್ತಾರಾ?"

ತೀರಿಹೋದ ಮೇಷ್ಟರ ಅಂಗಿ ಗಾಳಿಗೆ ಉಬ್ಬಿ, ಅವರ ಗೂನುಬೆನ್ನೇ ಎದ್ದುಬಂದಂತಾಯಿತು. ಅವಳು ದಿನವೂ ಗದರುತ್ತಿದ್ದಳು: "ನೆಟ್ಟಗೆ ನಿಲ್ಲಿ ಮೇಷ್ಟ್ರೇ, ನೋಡೋಕೆ ಬರ್ತಾರೆ."

ಒಂದು ಬೆಳಿಗ್ಗೆ ಅಧಿಕಾರಿ ಬಂದೇಬಿಟ್ಟ. ತುಂಬಿದ ತಂತಿಗಳನ್ನು ನೋಡುತ್ತ, ತಲೆದೂಗುತ್ತ ಬೀದಿಯುದ್ದಕ್ಕೂ ನಡೆದ. ಕೊನೆಗೊಂದು ಮನೆಯ ಮುಂದೆ ನಿಂತ. ಕಿಟಕಿ ಮುಚ್ಚಿತ್ತು, ತಂತಿ ಬರಿದಾಗಿತ್ತು, ಹೊಸ್ತಿಲ ಮೇಲೆ ತರಗೆಲೆ ಬಿದ್ದಿತ್ತು.

"ಇದೊಂದು ಖಾಲಿ, ಅಲ್ವಾ?"

ಅದು ಸೂಜಿಯಕ್ಕನ ಮನೆ. ಊರವರ ತಂತಿ ತುಂಬಿಸುವ ಭರದಲ್ಲಿ ಅವಳಿಗೆ ತನ್ನದೇ ಮರೆತುಹೋಗಿತ್ತು. ಅವಳು ತರಗೆಲೆ ತುಳಿದು ತನ್ನ ಹೊಸ್ತಿಲೇರಿ ನಿಂತಳು. ಅಲ್ಲಿ ಯಾರಿದ್ದರೆಂದು ನೆನಪಿಸಿಕೊಳ್ಳುವವರಂತೆ ಇಡೀ ಬೀದಿಯೇ ಆ ಬಾಗಿಲನ್ನು ದಿಟ್ಟಿಸುತ್ತ ನಿಂತುಬಿಟ್ಟಿತು.

ಎದುರು ತಂತಿಯ ಮೇಲೆ ಮೇಷ್ಟರ ಅಂಗಿಯೊಂದೇ ತೋಳೆತ್ತಿ ಅವಳನ್ನು ತೋರಿಸುತ್ತಿತ್ತು.